ನಡುವಿನಿಂದ ಕೇಳಿದರೆ ಬಾರದ ಪಾಠ

ಮೊನ್ನೆ ಧಾರವಾಡದ ಕಾಲೇಜಿಗೆ ಹೊರಟ ಮೊಮ್ಮಗಳಿಗೆಂದು ಒಂದೆಲಗದ ಎಣ್ಣೆ ಕಾಸುತ್ತಿದ್ದೆ. ಎಲೆಯ ಹಸಿ ವಾಸನೆ ಏಳುತ್ತಲೇ ಕೈ ನಿಂತಿತು. ಐವತ್ತರ ದಶಕದಲ್ಲಿ, ನರಗುಂದದ ಇದೇ ಮನೆಯಲ್ಲಿ, ಅತ್ತೆಯವರು ದಿನಾ ಬೆಳಿಗ್ಗೆ ನನ್ನ ಮೈದುನನ ನೆತ್ತಿಗೆ ಈ ಎಣ್ಣೆ ತಿಕ್ಕುತ್ತಿದ್ದರು. ಓದಿದ್ದು ತಲೆಯಲ್ಲಿ ನಿಲ್ಲಲಿ ಎಂದು...

ಅವನು ಇಂಟರ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದ. ಮೂರನೆಯ ಸಲವೂ ಬಿದ್ದರೆ ಕಾಲೇಜು ಬಿಡಿಸಿ ಕಾಳಿನ ಅಂಗಡಿಯಲ್ಲಿ ಕೂಡಿಸುವುದೆಂದು ಮಾವನವರು ಹೇಳಿಬಿಟ್ಟಿದ್ದರು. ಮೊದಲು ಅವನಿಗೆ ಮಾಸ್ತರನಾಗುವ ಆಸೆಯಿತ್ತು. ಆಗ ಉಳಿದದ್ದು ಹೆದರಿಕೆಯೊಂದೇ.

ನಾನು ಹೊಸ ಸೊಸೆ, ಅವನಿಗೆ ಅತ್ತಿಗೆ. ಇಂಗ್ಲಿಷ್ ಅಕ್ಷರಗಳನ್ನು ತವರಿನಲ್ಲಿ ಅಣ್ಣನಿಂದ ಕಲಿತಿದ್ದೆ. ಮಧ್ಯಾಹ್ನ ಜೋಳ ಹಸನು ಮಾಡುತ್ತ ಕೂತರೆ, ಅವನು ಪಡಸಾಲೆಯಲ್ಲಿ ಅಡ್ಡಾಡುತ್ತ ಇತಿಹಾಸದ ಇಂಗ್ಲಿಷ್ ಟಿಪ್ಪಣಿಯನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದ. ಟಿಪ್ಪಣಿ ಬರೆದ ವಹಿ ನನ್ನ ಮುಂದೆ. ತಪ್ಪಿದಲ್ಲಿ ನಾನು ಮೊರ ಬಡಿಯಬೇಕು. ಅವನು ತಪ್ಪುತ್ತಲೇ ಇರಲಿಲ್ಲ.

ಒಂದು ದಿನ ಗಾಳಿಗೆ ಹಾಳೆ ಮಗುಚಿತು. ಕಣ್ಣಿಗೆ ಬಿದ್ದ ಸಾಲು ಓದಿ, ಮುಂದೇನು ಎಂದು ಕೇಳಿದೆ. ಅವನು ಬಂದು ವಹಿಯನ್ನು ಮತ್ತೆ ಮೊದಲ ಹಾಳೆಗೆ ಮಗುಚಿಟ್ಟ.

"ನಡುವಿಂದ ಕೇಳಬ್ಯಾಡ್ರಿ ವೈನಿ. ಮೊದಲಿಂದ ಹಿಡದ್ರಷ್ಟ ಬರತೈತಿ."

ಹಾಗಾದರೆ ಅರ್ಥವನ್ನಾದರೂ ಕನ್ನಡದಲ್ಲಿ ಹೇಳು ಎಂದೆ. ನಕ್ಕ.

"ಅರ್ಥ ಗೊತ್ತಿದ್ರ ಎರಡ ಸಲ ಯಾಕ ಬೀಳತಿದ್ನಿರಿ? ಪಾಸಾಗಾಕ ಅಲ್ಲ, ಬೀಳಬಾರದಂತ ಓದಾಕತ್ತೀನಿ."

ಆ ಸಂಜೆ ಅತ್ತೆಯವರು, ಹುಡುಗ ಹೇಗೆ ಓದುತ್ತಿದ್ದಾನೆ ಎಂದು ಕೇಳಿದರು. ಮೈದುನನ ಮೇಲೆ ಚಾಡಿ ಹೇಳಿದಂತಾದೀತೆಂದು, "ಒಂದ ಅಕ್ಷರ ತಪ್ಪಂಗಿಲ್ರಿ" ಎಂದೆ. ಸುಳ್ಳೇನಲ್ಲ. ಮಾವನವರು ಆ ಮಾತನ್ನು ಪೇಟೆಗೆಲ್ಲ ಹೇಳಿಕೊಂಡು ಬಂದರು.

ಪರೀಕ್ಷೆಯಲ್ಲಿ ಪ್ರಶ್ನೆಗಳು ನಡುವಿನಿಂದಲೇ ಬಂದಿದ್ದವಂತೆ. ಅವನು ಪ್ರತಿಯೊಂದನ್ನೂ ಮೊದಲಿನಿಂದ ಬರೆಯುತ್ತ ಹೋಗಿ, ಕೊನೆಯ ಎರಡಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿತ್ತು. ಇದನ್ನು ಹೇಳಿದ್ದು ನನಗೊಬ್ಬಳಿಗೇ, ನೀರು ಸೇದಿ ಕೊಡುತ್ತ...

ಫಲಿತಾಂಶದ ದಿನ ಪತ್ರಿಕೆಯಲ್ಲಿ ಅವನ ನಂಬರು ಬರಲಿಲ್ಲ. ಮಾವನವರು ದನಿ ಏರಿಸಲಿಲ್ಲ.

"ಒಂದ ಅಕ್ಷರ ತಪ್ಪದಾಂವ ಹ್ಯಾಂಗ ಬೀಳತಾನ? ಬೇಕಂತ ಬಿದ್ದಾನ ಇಂವ."

ಅವನು ಒಮ್ಮೆ ಅಡುಗೆಮನೆಯ ಬಾಗಿಲ ಕಡೆ ನೋಡಿದ. ನಾನು ಅಲ್ಲೇ ನಿಂತಿದ್ದೆ, ಕೈತುಂಬ ರೊಟ್ಟಿಯ ಹಿಟ್ಟು. ಮಾವನೆದುರು ಸೊಸೆ ಬಾಯಿ ತೆರೆಯುವ ರೂಢಿ ನಮ್ಮಲ್ಲಿರಲಿಲ್ಲ. ತೆರೆಯಲಿಲ್ಲ...

ಮರುದಿನದಿಂದ ಅಂಗಡಿಯಲ್ಲಿ ಕೂತ. ಮದುವೆಯಾಯಿತು, ಮಕ್ಕಳಾದವು. ಪತ್ರಿಕೆ ಸಹ ಮುಟ್ಟುತ್ತಿರಲಿಲ್ಲ. ಊಟಕ್ಕೆ ಕೂತಾಗ ಮಜ್ಜಿಗೆ ಬೇಕಾದರೂ ಬೇರೆಯವರ ಕೈಲಿ ನನಗೆ ಹೇಳಿಸುತ್ತಿದ್ದ. ವೈನಿ ಎಂದು ಕರೆದದ್ದು ಮತ್ತೆ ನನಗೆ ಕೇಳಲಿಲ್ಲ.

ಹೋದ ವರ್ಷ ಅಂಗಡಿಯಲ್ಲೇ ಎದೆನೋವು ಬಂದು ತೀರಿಕೊಂಡ. ಅತ್ತೆ ಮಾವ ಅದಕ್ಕೂ ಮೊದಲೇ ಹೋಗಿದ್ದರು. ಅವನು ಬೇಕಂತ ಬಿದ್ದಿರಲಿಲ್ಲ. ಈ ಮಾತನ್ನು ನಾನು ಹೇಳಬೇಕಾಗಿದ್ದವರು ಈಗ ಒಬ್ಬರೂ ಇಲ್ಲ.