ಗುಂಡ್ಯದ ದುಗ್ಗಮ್ಮನ ಕೋಳಿ ರೆಕ್ಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಂಡ್ಯದ ಸೋಗೆ ಗುಡಿಸಲಿನಲ್ಲಿ ದುಗ್ಗಮ್ಮ ದಿನದ ಮೊದಲ ಕೋಳಿ ಕೊಯ್ದು, ಎರಡೂ ರೆಕ್ಕೆಗಳನ್ನು ತೆಂಗಿನೆಣ್ಣೆಗೆ ಬಿಡುತ್ತಾರೆ. ಒಂದು ಲಾರಿ ಡ್ರೈವರ್ ರಾಧಾಕೃಷ್ಣನಿಗೆ. ಅವನು ಅದನ್ನು ಕಚ್ಚುತ್ತಲೇ ಶಿರಾಡಿ ಘಾಟಿ ಹತ್ತುತ್ತಾನೆ. ಇನ್ನೊಂದು ನನ್ನ ಎಲೆಯಲ್ಲಿದೆ, ಆರಲಿ ಎಂದು ಕಾಯುತ್ತಿದ್ದೇನೆ.

ಬರೀ ರೆಕ್ಕೆ ಮಾರುವ ಅಂಗಡಿಯೆಂದರೆ ಪೇಟೆಯವರು ನಕ್ಕಾರು. ಪೇಟೆಯಿಂದ ಬಂದ ನಾನೂ ನಕ್ಕವನೇ. ಪಕ್ಕದ ಮಿಲಿಟರಿ ಹೋಟೆಲಿಗೆ ದಿನಕ್ಕೆ ಇಪ್ಪತ್ತು ಕೋಳಿ ಕೊಯ್ದು ಕೊಡುವುದು ದುಗ್ಗಮ್ಮನ ಕೆಲಸ. ರೆಕ್ಕೆಯಲ್ಲಿ ಎಲುಬೇ ಜಾಸ್ತಿ ಎಂದು ಗಿರಾಕಿಗಳು ಗೊಣಗಿದ್ದಕ್ಕೆ ಹೋಟೆಲಿನವರು ಆ ನಲವತ್ತು ರೆಕ್ಕೆಗಳನ್ನು ಇವರಿಗೇ ಬಿಟ್ಟರು. ಈಗ ಜಾಲ್ಸೂರಿನಲ್ಲಿ ಇವರ ತಂಗಿ ಸೇವಂತಿ, ಸುಳ್ಯದಲ್ಲಿ ನಾದಿನಿ ದೇವಮ್ಮ ಇದೇ ವ್ಯಾಪಾರಕ್ಕೆ ಕೂತಿದ್ದಾರೆ. ಮೂರೂ ಕಡೆಯ ಮಸಾಲೆ ದುಗ್ಗಮ್ಮ ಅರೆದದ್ದೇ, ಬಸ್ಸಿನಲ್ಲಿ ಹೋಗುತ್ತದೆ.

ಎಂಟು ವರ್ಷದ ಹಿಂದೆ, ಐವತ್ತಾರನೇ ಇಸವಿಯಲ್ಲಿ, ಗಂಡ ಚನಿಯಪ್ಪ ಕ್ಲೀನರ್ ಆಗಿದ್ದ ಲಾರಿ ಘಾಟಿಯಲ್ಲಿ ಕಂದಕಕ್ಕೆ ಬಿತ್ತು, ಅವನು ಉಳಿಯಲಿಲ್ಲ. ಡ್ರೈವರಿಗೆ ತೂಕಡಿಕೆ ಬಂದಿತ್ತಂತೆ. "ಎಲುಬು ಚೀಪುತ್ತಾ ಹೋದರೆ ನಿದ್ದೆ ಬರುದಿಲ್ಲ ಮಾರಾಯ್ರೆ," ಎನ್ನುತ್ತಾರೆ ದುಗ್ಗಮ್ಮ. ಅಷ್ಟಕ್ಕೇ ಬಿಡದೆ, ತನ್ನ ರೆಕ್ಕೆ ತಿಂದು ಹತ್ತಿದವರನ್ನು ಕಾಯಲೆಂದು ಗುಳಿಗ ದೈವಕ್ಕೆ ವರ್ಷಕ್ಕೊಂದು ಹುಂಜದ ಹರಕೆಯನ್ನೂ ಹೊತ್ತಿದ್ದಾರೆ. ಆ ಹುಂಜದ ಕಾಲಿಗೆ ಕಪ್ಪು ನೂಲು ಕಟ್ಟಿರುತ್ತಾರೆ. ದೈವಕ್ಕೆ ಒಪ್ಪಿಸುವ ಮೊದಲು ಅದನ್ನು ಯಾರೂ ತಿನ್ನುವಂತಿಲ್ಲ, ತಿಂದವರ ಮೇಲೆ ಗುಳಿಗ ಮುನಿಯುತ್ತಾನೆ.

ನಾನು ರೆಕ್ಕೆಗೆ ಕೈ ಹಾಕುವಾಗ ಒಳಗೆ ಪಾತ್ರೆ ಬಿದ್ದ ಸದ್ದು. ಹೋಗಿ ನೋಡಿದರೆ ದುಗ್ಗಮ್ಮ ಆಗ ಕೊಯ್ದ ಆ ಮೊದಲ ಕೋಳಿಯ ಕಾಲು ಹಿಡಿದು ನಿಂತಿದ್ದಾರೆ. ಅದರಲ್ಲಿ ಕಪ್ಪು ನೂಲು. ಕತ್ತಲಲ್ಲಿ ಗೂಡಿಗೆ ಕೈ ಹಾಕಿ ಹರಕೆಯ ಹುಂಜವನ್ನೇ ಎಳೆದು ತಂದಿದ್ದಾರೆ.

ರಸ್ತೆಗೆ ಓಡುತ್ತಾರೆ. ಲಾರಿಯ ಸದ್ದು ಮೇಲಿನ ತಿರುವುಗಳಲ್ಲಿ ಆಗಲೇ ಸಣ್ಣಗಾಗಿದೆ. ಬೇರೆ ಹುಂಜ ಕೊಟ್ಟರಾಗದೇ ಎಂದು ಕೇಳುತ್ತೇನೆ. ನಾಳೆಯೇ ಕೊಡಬಹುದು, ಆದರೆ ದೈವದ್ದನ್ನು ತಿಂದವನು ಈಗ ಘಾಟಿಯಲ್ಲಿದ್ದಾನಲ್ಲ ಎನ್ನುತ್ತಾರೆ.

ಒಳಗೆ ಬಂದವರೇ ನನ್ನ ಎಲೆಯ ರೆಕ್ಕೆಯನ್ನು ಎತ್ತಿಕೊಳ್ಳುತ್ತಾರೆ. ಬಿಸಾಡುತ್ತಾರೆ ಎಂದುಕೊಂಡೆ. ಇಲ್ಲ, ನಿಂತಲ್ಲೇ ಕಣ್ಣು ಮುಚ್ಚಿ, ಬರೀ ಎಲುಬು ಉಳಿಯುವ ತನಕ ತಿನ್ನುತ್ತಾರೆ.

"ಅವ ಗೊತ್ತಿಲ್ಲದೆ ತಿಂದದ್ದು. ನಾನು ಗೊತ್ತಿದ್ದೇ ತಿಂದೆ," ಎನ್ನುತ್ತಾರೆ, ಘಾಟಿಯ ಕಡೆ ತಿರುಗಿ. "ಗುಳಿಗನಿಗೆ ಸಿಟ್ಟು ಉಂಟಾದರೆ ಅಷ್ಟು ಮೇಲೆ ಹೋಗುದು ಬೇಡ. ನಾನು ಇಲ್ಲೇ ಇದ್ದೇನೆ."