ಸೋದರಮಾವನನ್ನು ಹುಡುಕಿಕೊಂಡು

ಬೆಳಗಿನ ಪ್ಯಾಸೆಂಜರ್ ಗಾಡಿಯಿಂದ ಅರಸೀಕೆರೆಯಲ್ಲಿ ಇಳಿದಾಗ ಚೀಲದಲ್ಲಿ ಮಗಳ ಮದುವೆಯ ಕರೆಯೋಲೆಯಿತ್ತು. ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರಲು ಸೋದರಮಾವ ಬೇಕು. ನನಗೋ ಒಡಹುಟ್ಟಿದವರಿಲ್ಲ.

ಸ್ಟೇಷನ್ ಹಿಂದಿನ ರೈಲ್ವೆ ಕ್ವಾರ್ಟರ್ಸ್ ಸಾಲಿನಲ್ಲಿ ನಾನು ಬೆಳೆದದ್ದು. ನಮ್ಮದು ತೆಲುಗು ಮನೆ, ಎಡಕ್ಕೆ ತಮಿಳರು, ಎದುರಿಗೆ ಮಲಯಾಳಿ ನರ್ಸಮ್ಮ, ಬಲಕ್ಕೆ ಗಾಡಿಗಳಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಇಬ್ರಾಹಿಂ ಅಣ್ಣ. ಎಲ್ಲರೂ ನೆಂಟರಿಷ್ಟರನ್ನು ದೂರದಲ್ಲಿ ಬಿಟ್ಟು ಬಂದವರು. ಹಾಗಾಗಿ ಶುಭಕಾರ್ಯಕ್ಕೆ ಅತ್ತೆ, ಮಾವ, ಅಣ್ಣ ಎಲ್ಲ ಆ ಸಾಲಿನವರೇ. ನನ್ನ ಮದುವೆಯಲ್ಲಿ ಅಣ್ಣನಾಗಿ ನಿಂತು ಬೊಗಸೆಗೆ ಅರಳು ಸುರಿದವರು ಇಬ್ರಾಹಿಂ ಅಣ್ಣ. ಪುರೋಹಿತರು ಮುಖ ಗಂಟಿಕ್ಕಿದರು, ಅಮ್ಮ ಲೆಕ್ಕಿಸಲಿಲ್ಲ.

ಮೀಟರ್‌ಗೇಜ್ ಹಳಿ ಕಿತ್ತ ಮೇಲೆ ಬಹಳ ಜನಕ್ಕೆ ವರ್ಗವಾಗಿತ್ತು. ನಮ್ಮ ಮನೆಗೆ ಬೀಗ. ನಲ್ಲಿಯ ಹತ್ತಿರವಿದ್ದ ಹೆಂಗಸು, "ಯಾರು ಬೇಕಾಗಿತ್ತಮ್ಮ?" ಎಂದಳು. ಬೆಳೆದ ಬೀದಿಯಲ್ಲೇ ನನಗೆ ಈ ಪ್ರಶ್ನೆ. ಇಬ್ರಾಹಿಂ ಅಣ್ಣನ ಹೆಸರು ಹೇಳಿದೆ.

"ಸಾಬ್ರಾ? ರಿಟೈರಾದ್ಮೇಲೆ ಹಳೇಬೀಡ್ನಾಗೆ ಮಗಳ ಮನೇಲವ್ರೆ."

ಬಾಣಾವರದ ಮೇಲೆ ಹೋಗುವ ಬಸ್ಸು ಹಿಡಿದೆ. ಜಾವಗಲ್‌ವರೆಗೂ ನಿಂತೇ ಬಂದೆ. ಹಳೇಬೀಡಿನಲ್ಲಿ ಸುಡುವ ಬಿಸಿಲು. ಪ್ರವಾಸಿಗರೆಲ್ಲ ದೇವಸ್ಥಾನದ ಕಡೆ ನಡೆದರು, ನಾನು ವಿಳಾಸ ಕೇಳುತ್ತಾ ಓಣಿಗೆ ಹೊಕ್ಕೆ.

ಅಣ್ಣ ಜಗಲಿಯಲ್ಲಿ ಒಬ್ಬರೇ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. "ಅಣ್ಣಾ" ಎಂದೆ.

"ಈ ಊರಲ್ಲಿ ಎಲ್ಲಾ ಸಾಬ್ರೇ ಅಂತಾರೆ. ಅಣ್ಣ ಅಂದೋಳು ಯಾರು... ಲಲಿತ ಏನಮ್ಮ?"

ಇಬ್ಬರೂ ಅತ್ತೆವು. ಬಂದ ವಿಷಯ ಹೇಳಿದೆ. ಅವರು ಬೆಳ್ಳುಳ್ಳಿಯ ಮೊರ ಪಕ್ಕಕ್ಕೆ ಸರಿಸಿ, "ಬೀಗರಿಗೆ ಹೇಳಿದ್ದೀಯಾ?" ಎಂದರು. ಇಲ್ಲವೆಂದೆ.

"ಮೊದ್ಲು ಹೇಳು ತಾಯಿ. ಅವರು ಒಪ್ಪಿದ್ರೆ ಮಂಟಪಕ್ಕೆ ಬತ್ತೀನಿ. ಇಲ್ದಿದ್ರೆ ಊಟದ ಪಂಕ್ತಿಗೆ ಬತ್ತೀನಿ. ಬರೋದಂತೂ ಬತ್ತೀನಿ."

ಬೀಗರ ಮನೆ ಬೇಲೂರಿನಲ್ಲಿ. ಅಲ್ಲಿಗೆ ಅರ್ಧ ಗಂಟೆಯ ದಾರಿ, ನನಗೆ ಮುಗಿಯಲೇ ಇಲ್ಲ. ಹುಡುಗಿಯ ಸೋದರಮಾವನ ಹೆಸರು ಇಬ್ರಾಹಿಂ ಎಂದಾಗ ಬೀಗಿತ್ತಿ ಕಾಫಿ ಲೋಟ ಕೆಳಗಿಟ್ಟರು.

"ಜನ ಆಡ್ಕೊಳಲ್ವೇನ್ರೀ?"

"ಆಡ್ಕೊಳ್ಳಲಿ. ನನಗೆ ಬೇರೆ ಅಣ್ಣ ಇಲ್ಲ," ಎಂದೆ. ಆಕೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಸಂಬಂಧ ಮುರಿದುಬಿತ್ತು ಎಂದೇ ತಿಳಿದು ಹೊರಡಲು ಚೀಲಕ್ಕೆ ಕೈ ಹಾಕಿದೆ.

"ಕೂತ್ಕೊಳ್ರೀ. ಸೋದರಮಾವನಿಗೆ ನಮ್ಮ ಕಡೆಯಿಂದ ಪಂಚೆ ಕೊಡೋ ಪದ್ಧತಿ ಐತೆ. ಅವರು ಪಂಚೆ ಉಡ್ತಾರೋ, ಲುಂಗಿ ತರಬೇಕೋ?"

ಸಂಜೆ ಅರಸೀಕೆರೆಯಲ್ಲಿ ಮತ್ತೆ ಗಾಡಿ ಹತ್ತಿದೆ. ಕಿಟಕಿಯಿಂದ ನಮ್ಮ ಸಾಲು ಕಂಡಿತು, ಅಲ್ಲೊಂದು ಇಲ್ಲೊಂದು ದೀಪ. ಒಂದು ಕಾಲಕ್ಕೆ ಯಾರದೇ ಮದುವೆಯಾದರೂ ಆ ಸಾಲಿನ ಯಾವ ಮನೆಯಲ್ಲೂ ಒಲೆ ಹಚ್ಚುತ್ತಿರಲಿಲ್ಲ, ಎಲ್ಲರ ಊಟವೂ ಚಪ್ಪರದಲ್ಲೇ. ನನ್ನ ಮಗಳ ಮದುವೆಗೆ ಆ ಸಾಲಿನವರು ಇಬ್ಬರೇ, ಅಣ್ಣ ಮತ್ತು ನಾನು.