ಮಹಡಿಯ ಹಲಗೆ, ಅತ್ತೆಯ ಸಂದಿ

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಅತ್ತೆವು. ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿರಲಿಲ್ಲ. ಮಹಡಿಯ ಹಳೇ ಹಲಗೆ ನೆಲಕ್ಕೆ ನಾನು ಕಟ್ಟಿಗೆ ಉಜ್ಜಿ ನಯ ಮಾಡುವ ಸ್ಯಾಂಡಿಂಗ್ ಮಶೀನ್ ಹಚ್ಚಿದ್ದೆ, ಅಷ್ಟೇ.

ಸಂಶಿ ಊರಿನ ಈ ಮನೆ ನಮ್ಮ ಮಾವನವರ ಅಜ್ಜ ಕಟ್ಟಿಸಿದ್ದು. ಕೆಳಗೆ ಪಡಸಾಲೆ, ಅದರ ಮೇಲೆ ಸಾಗವಾನಿ ಹಲಗೆ ಹಾಸಿದ ಮಹಡಿ. ಮೇಲಿದ್ದವರಿಗೆ ಅದು ನೆಲ, ಕೆಳಗಿದ್ದವರಿಗೆ ಅದೇ ಚಾವಣಿ. ಮೂರು ತಲೆಮಾರು ಆ ಹಲಗೆಗಳ ಮೇಲೆ ಒಣ ಮೆಣಸಿನಕಾಯಿ ರಾಶಿ ಹಾಕಿದೆ. ಈಗ ಕಾಯಿ ಕಣದಿಂದ ನೇರ ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ, ಮಹಡಿ ಖಾಲಿ ಬಿದ್ದಿದೆ. ಅದನ್ನು ಓದುವ, ಬರೆಯುವ ಕೋಣೆ ಮಾಡಿಕೊಳ್ಳಬೇಕೆಂದು ನನ್ನ ಆಸೆ.

ಯಜಮಾನರ ಆಸೆಯೇ ಬೇರೆ. ಹಲಗೆ ಕಿತ್ತೊಗೆದು, ಸ್ಲ್ಯಾಬ್ ಹಾಕಿ, ಫಳಫಳ ಹೊಳೆಯುವ ಟೈಲ್ಸ್ ಕೂರಿಸುವುದು.

"ನೋಡ, ಹದಿನೈದ ದಿನಾ ಕೊಡ್ತೀನಿ. ಅಷ್ಟರಾಗ ನೆಲಾ ಚಂದ ಆದ್ರ ಇರ್ಲಿ. ಇಲ್ಲಂದ್ರ ಟೈಲ್ಸ್," ಎಂದರು. ನಾನು ಒಪ್ಪಿದೆ. ಮರುದಿನವೇ ಹುಬ್ಬಳ್ಳಿಯಿಂದ ಬಾಡಿಗೆಗೆ ಮಶೀನ್ ತರಿಸಿದೆ.

ಮೂರು ತಲೆಮಾರಿನ ಖಾರ ಹಲಗೆಯೊಳಗೆ ಇಳಿದಿರುತ್ತದೆ ಅಂತ ನನಗೆ ಹೊಳೆಯಬೇಡವೇ? ದಿನಾ ಮೆಣಸಿನಪುಡಿ ಮುಟ್ಟುವ ಕೈ ಇದು! ಸ್ವಿಚ್ ಒತ್ತಿದ್ದೇ ತಡ, ಕೆಂಪು ಧೂಳು ಎದ್ದಿತು. ಸೀನು, ಕೆಮ್ಮು, ಕಣ್ಣೀರು. ಬಾಜು ಮನೆಯವರು ಓಡಿ ಬಂದು, "ಏನ್ ಒಗ್ಗರಣಿ ಹಾಕೀರಿ ಇದು?" ಎಂದು ಮೂಗು ಮುಚ್ಚಿಕೊಂಡು ಕೇಳಿದರು. ಹಿತ್ತಲಿನಲ್ಲಿ ಕಟ್ಟಿದ್ದ ಎಮ್ಮೆ ಕೂಡ ಸೀನಿತು. (ಎಮ್ಮೆ ಸೀನುವುದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದು ಅದೇ ಮೊದಲು.) ಯಜಮಾನರು ಕಣ್ಣೊರೆಸಿಕೊಳ್ಳುತ್ತಲೇ ಯಾರಿಗೋ ಫೋನ್ ಹಚ್ಚಿದರು. ಯಾರಿಗೆ ಅಂತ ಆಮೇಲೆ ಗೊತ್ತಾಯಿತು.

ಕೊನೆಗೆ ನಮ್ಮೂರ ಬಡಿಗ ಮೌನೇಶನನ್ನು ಕರೆಸಿದೆ. ಬಂದವನೇ ಮಶೀನ್ ನೋಡಿ ನಕ್ಕ.

"ಒಣಾ ಖಾರಾ ಕೆದರಿದ್ರ ಏನಾಗ್ತೈತ್ರಿ ಅಕ್ಕಾರ? ಮದಲ ಹಸಿ ಅರಬೀಲೆ ಒರಸೂಣು."

ಒದ್ದೆ ಬಟ್ಟೆಯಿಂದ ನಾಲ್ಕು ಸಲ ಒರೆಸಿದೆವು. ಒಣಗಲು ಬಿಟ್ಟು, ಅವನು ಮರ ಹೆರೆಯುವ ರಂದಾ ಹಿಡಿದು ಒಂದೊಂದೇ ಹಲಗೆಯ ಮೇಲ್ಪದರ ಎಬ್ಬಿಸುತ್ತ ಹೋದ. ಆರನೇ ದಿನ ಒಂದು ಹಲಗೆಗೆ ಅಗಸೆ ಎಣ್ಣೆ ತಿಕ್ಕಿದ. ಕಪ್ಪಗೆ, ಸತ್ತಂತೆ ಬಿದ್ದಿದ್ದ ಕಟ್ಟಿಗೆ ಬೆಲ್ಲದ ಬಣ್ಣಕ್ಕೆ ತಿರುಗಿತು. ನನಗೆ ಕುಣಿಯಬೇಕೆನಿಸಿತು. (ಕುಣಿದೆ. ಮೌನೇಶ ಪಾಪ, ಕಿಟಕಿಯ ಕಡೆ ನೋಡುತ್ತ ನಿಂತ.)

ಆಮೇಲೆ ಅವನು ಹಲಗೆಗಳ ನಡುವಿನ ಸಂದಿಗಳಿಗೆ ತೆಳ್ಳನೆಯ ಚಕ್ಕೆ ಕೂರಿಸತೊಡಗಿದ. ಕೆಲಸ ನೋಡಲೆಂದು ಮೇಲೆ ಬಂದು ಕೂತಿದ್ದ ನಮ್ಮ ಅತ್ತೆ, ನಡುಮಧ್ಯದ ಬೆರಳಗಲದ ಸಂದಿಯ ಹತ್ತಿರ ಅವನು ಬಂದದ್ದೇ ಕೈ ಅಡ್ಡ ಹಿಡಿದರು.

"ಅದನ್ನ ಬಿಡಪಾ. ಅದು ನಂದು."

"ನಿಮ್ಮದು ಅಂದರೆ?" ಎಂದೆ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ಹಿರ್‍ಯಾರು ಕೆಳಗ ಪಡಸಾಲ್ಯಾಗ ಕುಂತ ಮಾತಾಡಾವ್ರು. ನಾವು ಹೆಣಮಕ್ಕಳು ಕಾಯಿ ತೊಟ್ಟು ಬಿಡಸ್ಕೋತ ಇಲ್ಲಿ ಕಿವಿ ಇಡಾವ್ರು. ಹೊಲಾ ಹಿಡಿಯೂದು, ಮದವಿ ಮಾತು, ಪಾಲಾಗೂದು, ಎಲ್ಲಾ ಇಲ್ಲೇ ಕೇಳಿದ್ದು. ಮನ್ಯಾಗ ನನಗ ಯಾರೂ ಏನೂ ಹೇಳ್ತಿದ್ದಿಲ್ಲ. ಆದ್ರ ನನಗ ಗೊತ್ತಿರಲಾರದ್ದು ಏನೂ ಇದ್ದಿಲ್ಲ."

ಎಂಟನೇ ದಿನ ಮಧ್ಯಾಹ್ನ ಕೆಳಗೆ ಯಾರೋ ಬಂದರು. ಯಜಮಾನರು ಅಂದು ಫೋನ್ ಮಾಡಿದ್ದ ಟೈಲ್ಸ್ ಕಂತ್ರಾಟದಾರ! ಅತ್ತೆ ತುಟಿಯ ಮೇಲೆ ಬೆರಳಿಟ್ಟು, ಬೋರಲು ಮಲಗಿ ಸಂದಿಗೆ ಕಿವಿ ಕೊಟ್ಟರು. ನಾನೂ ಬಾಜು ಮಲಗಿದೆ. (ಸುಮ್ಮನಿರಿ, ನೀವಾಗಿದ್ದರೂ ಮಲಗುತ್ತಿದ್ದಿರಿ.)

"ಹಳೀ ಕಟಗಿ ಸಾವ್ಕಾರ್ರ, ತಗದ ಒಗೀರಿ. ಸೋಮವಾರ ಆಳ ಕಳಸ್ಲೇನು?" ಎಂದ ಕಂತ್ರಾಟದಾರ.

"ಕಳಸ್ರಿ. ಅಕೀದು ಮುಗಿಯೂ ಕೆಲಸ ಅಲ್ಲ ಅದು," ಎಂದರು ಯಜಮಾನರು.

ಇನ್ನೂ ಏಳು ದಿನ ಉಳಿದಿತ್ತಲ್ಲ? ಅಳು ಬಂತು, ಈ ಸಲ ಖಾರವಿಲ್ಲದೆ. ಅಷ್ಟರಲ್ಲಿ, ಜೀವಮಾನವಿಡೀ ಆ ಸಂದಿಯಲ್ಲಿ ಬರೀ ಕೇಳಿದ್ದ ನಮ್ಮ ಅತ್ತೆ, ಅದಕ್ಕೆ ಬಾಯಿ ಹಚ್ಚಿ ಮಗನನ್ನು ಕೂಗಿದರು.

"ಲೇ ಬಸ್ಯಾ! ಹದಿನೈದ ದಿನಾ ಅಂತ ಮಾತ ಕೊಟ್ಟೀದಿ. ಇನ್ನಾ ಎಂಟ ಆಗ್ಯಾವು. ಹಲಗಿ ಮುಟ್ಟೀದಿ ಅಂದ್ರ ನೋಡ ಮತ್ತ!"

ಕಂತ್ರಾಟದಾರ ದಡಬಡಿಸಿ ಎದ್ದು ಚಾವಣಿಯತ್ತ ಕೈ ಮುಗಿದನಂತೆ. ಚಪ್ಪಲಿ ಹುಡುಕುವ ಸದ್ದು ಮಾತ್ರ ನಮಗೂ ಕೇಳಿಸಿತು.

"ಅವ್ವಾ, ಅಲ್ಲಿ ಕೇಳಸ್ತೈತೇನು?" ಯಜಮಾನರ ಧ್ವನಿ ಸಣ್ಣಗಾಗಿತ್ತು.

"ಐವತ್ತ ವರ್ಷಾತು ಕೇಳಸಾಕತ್ತು!"

ಅವರು ಮೆಟ್ಟಿಲು ಹತ್ತಿ ಬಂದರು. ಎಣ್ಣೆ ಕುಡಿದ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತರು. "ಇದು ನಮ್ಮ ಹಲಗೀನ ಏನು?" ಎಂದು ಕೂತು ಕೈಯಾಡಿಸಿದರು. ಟೈಲ್ಸ್ ಮಾತು ಮತ್ತೆ ಬರಲಿಲ್ಲ. ಹದಿನೈದನೇ ದಿನ ಮೂರನೇ ಸಲದ ಎಣ್ಣೆಯೂ ಮುಗಿಯಿತು. ನೆಲ ಎಷ್ಟು ಚೆಂದವಾಗಿದೆಯೆಂದರೆ, ಕುರ್ಚಿ ಬಿಟ್ಟು ನೆಲದ ಮೇಲೆಯೇ ಕೂತು ಇದನ್ನು ಬರೆಯುತ್ತಿದ್ದೇನೆ.

ಉಳಿದದ್ದು ಆ ಒಂದು ಸಂದಿ. "ಹಂಗ ಬಿಡ್ಲೇನ್ರಿ ಅಮ್ಮಾರ?" ಎಂದು ಮೌನೇಶ ಕೇಳಿದ. ಹೌದು ಅನ್ನುತ್ತಾರೆಂದು ನಾನು ಗ್ಯಾರಂಟಿ ಅಂದುಕೊಂಡಿದ್ದೆ.

"ಮುಚ್ಚಿಬಿಡು," ಎಂದರು ಅತ್ತೆ. "ಹೊಟ್ಟಿ ಮ್ಯಾಲ ಮಲಕೊಂಡ ಕೇಳೂದು ಸಾಕಾತು. ಇನ್ನ ಕೆಳಗ ಕುಂತ ಕೇಳ್ತೀನಿ. ಹೇಳೂದಿದ್ರ ಹೇಳ್ತೀನಿ."

ಮೊನ್ನೆ ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡುವ ಮಾತುಕತೆಗೆ ಪಡಸಾಲೆಯಲ್ಲಿ ನಾಲ್ಕು ಜನ ಸೇರಿದ್ದರು. ಅತ್ತೆ ನಟ್ಟನಡುವಿನ ಕುರ್ಚಿಯಲ್ಲಿ ಹೋಗಿ ಕೂತರು. ನಾನೂ ಇನ್ನೊಂದು ಎಳೆದುಕೊಂಡು ಅವರ ಬಾಜು ಕೂತೆ.

"ನೀವ್ಯಾಕ ಇಲ್ಲಿ?" ಅನ್ನುವ ಧೈರ್ಯವಾದರೂ ಯಾರಿಗಿತ್ತು?